ಬಾಗಲಕೋಟೆಯಿಂದ ಹೊರಟು ಇಳಕಲ್ಲಿಗೆ ಬಾರದ ತಂತಿ

ಕೆಟ್ಟು ನಿಂತ ಯಂತ್ರ ನನ್ನನ್ನು ಎಂದೂ ಹೆದರಿಸಿಲ್ಲ. ಬಿಚ್ಚಬೇಕು, ನೋಡಬೇಕು, ಕೂಡಿಸಬೇಕು, ಅಷ್ಟೇ. ನನ್ನನ್ನು ಹೆದರಿಸಿದ್ದು ಒಂದೇ ಒಂದು ಯಂತ್ರ. ನಾನು ಹೋದಾಗಲೆಲ್ಲ ಅದು ಚೆನ್ನಾಗಿ ನಡೆಯುತ್ತಿತ್ತು. ತಂತಿ ಇಲಾಖೆಯಲ್ಲಿ ಮೆಕ್ಯಾನಿಕ್ ಆಗಿ ದುಡಿದು ಮನೆಗೆ ಬಂದ ಮೇಲೆ, ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರುವವರು ಯಾರಾದರೂ ಕೇಳಿದರೆ ನಾನು ಹೇಳುವುದು ಆ ಯಂತ್ರದ ಸುದ್ದಿಯನ್ನೇ. ನಿಮ್ಮ ಕಾಲದ ಯಂತ್ರಗಳು ಬೇರೆ. ಒಳಗೆ ಹಲ್ಲು, ಗಾಲಿ, ಸ್ಪ್ರಿಂಗು ಏನೂ ಇರುವುದಿಲ್ಲ ಎನ್ನುತ್ತಾರೆ. ಆದರೂ ಕಳಿಸಿದೆ ಅನ್ನುವವನು ಒಂದು ಕಡೆ, ಬರಲಿಲ್ಲ ಅನ್ನುವವನು ಇನ್ನೊಂದು ಕಡೆ, ನಡುವೆ ತಲೆ ಕೆರೆದುಕೊಳ್ಳುವ ಮೆಕ್ಯಾನಿಕ್ ಒಬ್ಬ. ಈ ಜಗಳ ಇನ್ನೂ ಮುಗಿದಿರಲಿಕ್ಕಿಲ್ಲ.

ಉಳಿದವರ ಹೆಸರುಗಳನ್ನು ಬದಲಿಸಿದ್ದೇನೆ. ನನ್ನ ಹೆಸರು ಈರಣ್ಣ. ಅದನ್ನು ಬದಲಿಸಿಲ್ಲ.

ಇಳಕಲ್ಲಿನ ನೇಕಾರರ ಮನೆಯವನು ನಾನು. ಆರನೇ ಇಯತ್ತೆಗೆ ಶಾಲೆ ಬಿಟ್ಟು ಕುಣಿಮಗ್ಗದಲ್ಲಿ ಕಾಲಿಟ್ಟೆ. ಎಪ್ಪತ್ತರ ದಶಕದ ನಡುವೆ ಇಲಾಖೆಯ ಕೂಲಿಯಾಗಿ ಹುನಗುಂದದ ರಸ್ತೆಯಲ್ಲಿ ಕಂಬದ ಕುಣಿ ತೋಡಿದೆ. ಆಮೇಲೆ ಕಂಬ ಹತ್ತಿದೆ. ಅದಾದ ಮೇಲೆ ಯಂತ್ರಕ್ಕೆ ಕೈ ಹಚ್ಚಿದೆ. ಓದಿದವರು ಎರಡು ದಿನ ಪುಸ್ತಕ ತಿರುವಿ ಹಾಕುವ ಹೊತ್ತಿಗೆ ನಾನು ಬಿಚ್ಚಿ ಕೂಡಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಇದು ಜಂಬವಲ್ಲ, ಖರೆ ಮಾತು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಚಿತ್ರ ನೋಡಿದರೆ ಸಾಕಾಗುತ್ತಿತ್ತು.

ಮೊದಲು ತಲೆ ಕೆಟ್ಟದ್ದು ಬಾದಾಮಿಯಲ್ಲಿ. ಅಲ್ಲಿಂದ ಬಾಗಲಕೋಟೆಗೆ ಹೋಗುವ ಜೋಡಿ ತಂತಿ ದಿನಾ ಮುಂಜಾನೆ ಹತ್ತರ ಸುಮಾರಿಗೆ ಕೆಡುತ್ತಿತ್ತು. ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಸರಿಯಾಗಿರುತ್ತಿತ್ತು. ನಾಲ್ಕು ದಿನ ಕಂಬ ಹತ್ತಿ ಇಳಿದೆ. ತಂತಿ ಕಟ್ಟುವ ಪಿಂಗಾಣಿ ಬಟ್ಟಲು ಬದಲಿಸಿದೆ, ತಂತಿಯ ಗಂಟು ಕಿತ್ತು ಹೊಸದು ಹಾಕಿದೆ. ಐದನೆಯ ದಿನ ಕಂಬದ ಬುಡದಲ್ಲಿ ಪೇರಲಹಣ್ಣು ಮಾರುವ ಮುದುಕಿಗೆ ನನ್ನ ಮೇಲೆ ಕನಿಕರ ಬಂತು.

“ತಮ್ಮಾ, ನೀ ಬರೂದ್ರಾಗ ಅವು ತಿಂದು ಉಂಡು ಗುಡ್ಡ ಹತ್ತಿರ್ತಾವ.”

“ಯಾವು ಬೇ?”

“ಮಂಗ್ಯಾ. ಮುಂಜಾನಿ ಬಸ್ಸಿನ ಮಂದಿ ಇಳದಕೂಡ್ಲೆ ನಿನ್ನ ತಂತಿ ಮ್ಯಾಲ ಜೋಕಾಲಿ ಆಡ್ಕೋತ ಬರ್ತಾವ. ನೀ ಏನ್ ಹುಡುಕಾಕತ್ತಿದ್ದಿ?”

ಎರಡು ತಂತಿ ಒಂದಕ್ಕೊಂದು ತಾಗುತ್ತಿದ್ದುದು ಅದಕ್ಕೆ. ಆಗಿನ ಲೈನ್ ಇನ್ಸ್‌ಪೆಕ್ಟರಿಗೆ ಹೇಳಿದಾಗ ಅವರು ನಕ್ಕು, “ಮಂಗ್ಯಾಗ ಮೆಮೊ ಕೊಡಾಕ ಬರಂಗಿಲ್ಲಲೇ, ತಂತಿ ಬಿಗಿ ಮಾಡು” ಅಂದರು. ಬಿಗಿ ಮಾಡಿದೆ. ಆದರೆ ಪಾಠ ಕಲಿತೆನೇ? ಇಲ್ಲ. ನಾನೇ ಶಾಣ್ಯಾ ಎಂಬ ಮಾತು ತಲೆಯಲ್ಲಿ ಹಾಗೆಯೇ ಉಳಿಯಿತು.

ಎಂಬತ್ತರ ದಶಕ ಶುರುವಾದ ಮೇಲೆ ಇಳಕಲ್ಲಿನ ಓಣಿಯೊಂದರಲ್ಲಿ, ಬಾಡಿಗೆ ಮನೆಯಲ್ಲಿದ್ದ ನಮ್ಮ ಸಣ್ಣ ಶಾಖೆಗೆ ಟೆಲಿಪ್ರಿಂಟರ್ ಬಂತು. ಅದಕ್ಕೂ ಮೊದಲು ಕಡ್ಡಿ ಬಡಿಯುವ ಕಾಲ. ಅಲ್ಲಿ ಕಟಕಟ ಬಡಿದರೆ ಇಲ್ಲಿ ಕಿವಿಗೊಟ್ಟು ಕೇಳಿ ಬರೆದುಕೊಳ್ಳಬೇಕು. ಈಗ ಬಾಗಲಕೋಟೆಯಲ್ಲಿ ಕೀಲಿ ಒತ್ತಿದರೆ ಇಳಕಲ್ಲಿನ ಕಾಗದದ ಮೇಲೆ ಅಕ್ಷರ ತಾನಾಗಿ ಮೂಡುತ್ತಿತ್ತು. ನೋಡಲು ಓಣಿಯ ಮಂದಿಯೆಲ್ಲ ಬಂದಿದ್ದರು.

ಈ ಯಂತ್ರದ ಒಂದು ಗುಣವನ್ನು ಇಲ್ಲೇ ಹೇಳಿಬಿಡುತ್ತೇನೆ. ಸುದ್ದಿ ಬರುವುದು ನಿಂತು ಒಂದೂವರೆ ನಿಮಿಷವಾದರೆ ಮೋಟಾರು ನಿಂತು, ಒಳಗಿನ ಸಣ್ಣ ಸನ್ನೆಕೋಲೊಂದು ಟಕ್ಕೆಂದು ಕೆಳಗೆ ಬಿದ್ದು ಕೊಂಡಿಗೆ ಸಿಕ್ಕಿಕೊಳ್ಳುತ್ತಿತ್ತು. ಯಂತ್ರ ಮಲಗಿತು ಅನ್ನಿ. ಮುಂದಿನ ತಂತಿಯ ಮೊದಲ ತಟ್ಟು ಬಂದೊಡನೆ ಆ ಸನ್ನೆಕೋಲು ಮೇಲೆ ಚಿಮ್ಮಿ ಮೋಟಾರು ಮತ್ತೆ ತಿರುಗುತ್ತಿತ್ತು. ಎದ್ದಿತು. ಕಳಿಸುವವರು ಮೊದಲು ನಾಲ್ಕೈದು ಖಾಲಿ ಅಕ್ಷರ ಒತ್ತಿ ಎಬ್ಬಿಸಿ, ಆಮೇಲೆ ಸುದ್ದಿ ಒತ್ತಬೇಕು. ಮನುಷ್ಯರ ಹಾಗೆಯೇ, ಎಬ್ಬಿಸಿ ಮಾತಾಡಿಸಬೇಕು.

ಆ ಶಾಖೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವರು ಶಾಂತಾಬಾಯಿ. ಇನ್ನೂ ಕಾಯಂ ಆಗಿರಲಿಲ್ಲ. ಬಂದ ತಂತಿ ಹರಿದು ಅಂಚೆಯವನಿಗೆ ಕೊಡುವುದು, ಕಿಟಕಿಯಲ್ಲಿ ಜನರಿಂದ ತಂತಿ ತೆಗೆದುಕೊಳ್ಳುವುದು, ಕಳಿಸುವುದು, ಎಲ್ಲ ಅವರೊಬ್ಬರದೇ ಕೆಲಸ. ನಾಲಗೆ ಸ್ವಲ್ಪ ಚುರುಕು. ಅದಕ್ಕೇ ಇರಬೇಕು, ನಾನು ಅವರ ಮಾತು ನಂಬಲಿಲ್ಲ.

ತಂತಿಗಳಿಗೆ ದಿನದ ನಂಬರು ಇರುತ್ತದೆ. ಏಳು ಬಂದ ಮೇಲೆ ಎಂಟು ಬರಬೇಕು. ಒಂದು ದಿನ ಏಳು ಬಂದು ಒಂಬತ್ತು ಬಂತಂತೆ. ಬಾಗಲಕೋಟೆಗೆ ಕೇಳಿ ಎಂಟನ್ನು ಮತ್ತೆ ತರಿಸಿಕೊಂಡರು. ವಾರದಲ್ಲಿ ಮತ್ತೊಂದು ಜಿಗಿಯಿತು. ಇನ್ನೊಮ್ಮೆ ತಂತಿಯ ತಲೆಯೇ ಇಲ್ಲ, ಬಾಲ ಮಾತ್ರ ಅಚ್ಚಾಗಿತ್ತು. ನನ್ನನ್ನು ಕರೆಸಿದರು.

“ಎಂಟು ಬರಲಿಲ್ರಿ ಈರಣ್ಣ.”

“ಅದು ಬರೂ ಹೊತ್ತಿನ್ಯಾಗ ನೀವೆಲ್ಲಿದ್ರಿ?”

“ಇಲ್ಲೇ ಕಿಡಕಿಯಾಗ.”

“ಹರದು ಎಲ್ಲೆರ ಇಟ್ಟು ಮರತಿರಬೇಕು. ಯಂತ್ರ ಸುಳ್ಳು ಹೇಳಂಗಿಲ್ಲ.”

“ಹಂಗಾರ ಯಾರು ಹೇಳ್ತಾರ, ನಾನೇನು?”

ಯಂತ್ರದ ಮುಂದೆ ಕುಳಿತೆ. ಪರೀಕ್ಷೆಗೆ ಆರ್, ವೈ ಎಂಬ ಎರಡೇ ಅಕ್ಷರಗಳನ್ನು ಒಂದರ ಹಿಂದೊಂದು ಒತ್ತುತ್ತಾ ಹೋಗುವುದು ನಮ್ಮ ಪದ್ಧತಿ. ನೂರಾರು ಒತ್ತಿದೆ, ನೂರಾರೂ ಬಂದವು. ದೋಷದ ಪುಸ್ತಕದಲ್ಲಿ “ಯಂತ್ರದಲ್ಲಿ ದೋಷವಿಲ್ಲ” ಎಂದು ಬರೆದು ಸಹಿ ಹಾಕಿದೆ. ಎರಡು ತಿಂಗಳಲ್ಲಿ ಹೀಗೆ ಮೂರು ಸಲ ಬಂದೆ, ಮೂರು ಸಲ ಸಹಿ ಹಾಕಿದೆ.

ಆಮೇಲೆ ಚನ್ನಬಸಪ್ಪನವರು ಬಂದರು. ಸೀರೆ ನೇಯಿಸುವ ದೊಡ್ಡ ಮನೆಯ ಯಜಮಾನರು. ಅವರ ಮಗನಿಗೆ ಬಾದಾಮಿಯ ಹೆಣ್ಣು ಗೊತ್ತಾಗಿ, ಲಗ್ನ ಬನಶಂಕರಿಯ ಗುಡಿಯಲ್ಲಿ ಎಂದು ನಿಶ್ಚಯವಾಗಿತ್ತು. ಹಿಂದಿನ ದಿನ ಹೆಣ್ಣಿನ ಅಜ್ಜಿ ತೀರಿಕೊಂಡಳು. “ಲಗ್ನ ಮುಂದೆ ಹಾಕಿದೆ, ಬರಬೇಡಿ” ಎಂದು ಬಾದಾಮಿಯಿಂದ ತಂತಿ ಕೊಟ್ಟರು. ಅದು ಬಾಗಲಕೋಟೆಗೆ ಬಂತು, ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಯಿತು. ಹೋಯಿತು ಎಂದು ಅವರ ಪುಸ್ತಕ ಹೇಳುತ್ತಿತ್ತು. ಇಳಕಲ್ಲಿಗೆ ಬರಲಿಲ್ಲ. ಅಂದಿನ ಕೊನೆಯ ತಂತಿ ಅದು. ಅದರ ಹಿಂದೆ ಇನ್ನೊಂದು ಬಂದಿದ್ದರೆ ನಂಬರು ಜಿಗಿದದ್ದು ತಿಳಿಯುತ್ತಿತ್ತು. ಸಂಜೆ ಕೊನೆಯ ನಂಬರನ್ನು ಫೋನಿನಲ್ಲಿ ಹೇಳಿಕೊಳ್ಳುವ ರೂಢಿ ಇತ್ತು. ಅಂದು ಲೈನು ಸಿಗಲಿಲ್ಲ.

ನಾನು ಬೇರೆ ಕೆಲಸಕ್ಕೆ ಅಲ್ಲಿಗೆ ಹೋದ ದಿನವೇ ಯಜಮಾನರು ಕಿಟಕಿಗೆ ಕೈಯೂರಿ ನಿಂತಿದ್ದರು.

“ಯಾರ್ರಿ ಇಲ್ಲಿ ತಂತಿ ನುಂಗವರು? ನಲವತ್ತು ಮಂದಿ ಕಟಕೊಂಡು ಲಾರಿ ತಗೊಂಡು ಹೋಗಿ, ಬನಶಂಕರಿ ಗುಡಿ ಮುಂದ ಬಾಸಿಂಗಾ ಕಟ್ಟಿದ ಮಗನ್ನ ನಿಲ್ಲಿಸಿದೆ. ಹೊತ್ತು ನೆತ್ತಿಗಿ ಬಂತು, ಹೆಣ್ಣಿನ ಕಡಿ ಒಂದು ಪಿಳ್ಳಿ ಸೈತ ಇಲ್ಲ. ರೊಟ್ಟಿ ಮಾರೋ ಹೆಣ್ಮಗಳು ಕೇಳ್ತಾಳ್ರಿ ನನ್ನ, ‘ಯಜಮಾನ್ರ, ಹೆಣ್ಣು ತರೂದು ಮರತು ಬಂದೀರೇನ?’ ಅಂತ!”

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಯಜಮಾನರು ತಿರುಗಿ ನೋಡಿದ ನೋಟಕ್ಕೆ ಓಣಿಯೇ ಸುಮ್ಮನಾಯಿತು. ಶಾಂತಾಬಾಯಿ ಎದ್ದು ನಿಂತು, “ನನ್ನ ಕೈಗೆ ಬಂದಿದ್ರ ಓಡಿ ಬಂದು ಕೊಡ್ತಿದ್ದೆರಿ ಯಪ್ಪಾ, ಬರಲಿಲ್ಲ” ಅಂದರು. ಯಜಮಾನರು ಕೇಳಲಿಲ್ಲ. ಮೇಲಿನವರಿಗೆ ಅರ್ಜಿ ಹೋಯಿತು.

ನಮ್ಮ ಆಗಿನ ಸಾಹೇಬರು ಮೈಸೂರು ಕಡೆಯವರು. ಕೆಟ್ಟವರಲ್ಲ, ಆದರೆ ಕಾಗದ ಹೇಳಿದ್ದನ್ನು ಮಾತ್ರ ನಂಬುವವರು. ಕಾಗದ ಹೇಳುತ್ತಿದ್ದುದು ಇಷ್ಟು. ಬಾಗಲಕೋಟೆಯಲ್ಲಿ ಕಳಿಸಿದವನ ಪ್ರತಿ ಇದೆ. ಯಂತ್ರದಲ್ಲಿ ದೋಷವಿಲ್ಲ ಎಂದು ಮೆಕ್ಯಾನಿಕ್ ಮೂರು ಸಲ ಬರೆದಿದ್ದಾನೆ. ಹಾಗಾದರೆ ತಂತಿ ಕಳೆದವರು ಯಾರು? ಶಾಂತಾಬಾಯಿಗೆ ನೋಟೀಸು ಬಂತು. ಹದಿನೈದು ದಿನದಲ್ಲಿ ವಿಚಾರಣೆ. ತಪ್ಪು ಸಾಬೀತಾದರೆ ಕೆಲಸದಿಂದ ತೆಗೆಯುವುದು.

ಆ ನೋಟೀಸನ್ನು ಅವರು ನನ್ನ ಮುಂದೆ ಹಿಡಿದರು.

“ಕಾಯಂ ಆಗಾಕ ಎರಡು ತಿಂಗಳು ಉಳದಿತ್ರಿ. ಮನಿಯಾಗ ಮಾವಗ ಕಣ್ಣು ಕಾಣಂಗಿಲ್ಲ, ಮಗಳು ಸಾಲಿಗಿ ಹೊಂಟಾಳ. ಯಂತ್ರದ ಕೆಲಸ ಹೋಗಂಗಿಲ್ಲ, ನಿಮ್ಮದು ಹೋಗಂಗಿಲ್ಲ. ಹೋಗೂದು ನನ್ನದು. ಇದರಾಗ ಏನ್ ಬರದೈತಿ ನೋಡ್ರಿ, ನನ್ನ ಹೆಸರಿಗಿಂತ ನಿಮ್ಮ ಹೆಸರು ಹೆಚ್ಚು ಸಲ ಐತಿ.”

ಆ ಮಾತು ನಾಟಿತು. ನಾನು ಸುಳ್ಳು ಬರೆದವನಲ್ಲ, ಕಂಡದ್ದನ್ನೇ ಬರೆದಿದ್ದೆ. ಆದರೆ ಆಕೆಯ ಮುಖ ನೋಡಿದರೆ ಆಕೆಯೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರೂ ಖರೆ ಹೇಳುತ್ತಿದ್ದರೆ ತಂತಿ ಎಲ್ಲಿ ಹೋಯಿತು?

ಹುಡುಕಲು ಶುರು ಮಾಡಿದೆ. ಮೊದಲು ಲೈನು ಎಂದುಕೊಂಡೆ. ಅಮೀನಗಡದವರೆಗೆ ಸೈಕಲ್ ಮೇಲೆ ಕಂಬ ಕಂಬ ನೋಡುತ್ತಾ ಹೋದೆ, ಒಂದು ಒಡೆದ ಬಟ್ಟಲು ಸಿಕ್ಕಿತು, ಬದಲಿಸಿದೆ. ಮರುದಿನ ನಂಬರು ಜಿಗಿಯಿತು. ಆಮೇಲೆ ಕರೆಂಟು ಎಂದುಕೊಂಡೆ. ಅದೂ ಸರಿ. ಅಯಸ್ಕಾಂತದ ಸುರುಳಿ ಬದಲಿಸಿದೆ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಮತ್ತೆ ಜಿಗಿಯಿತು. ಕೊನೆಗೆ ಯಂತ್ರದ ಮುಂದೆಯೇ ಮುಂಜಾನೆಯಿಂದ ಸಂಜೆಯವರೆಗೆ ಕುಳಿತೆ. ಒಂದು ತಂತಿ ಬಂದ ಕೂಡಲೆ ಆರ್‌ವೈ ಒತ್ತಿ ಪರೀಕ್ಷೆ ಮಾಡುವುದು, ಮತ್ತೊಂದು ಬಂದರೆ ಮತ್ತೆ ಒತ್ತುವುದು. ಎರಡು ದಿನದಲ್ಲಿ ಒಂದೂ ತಪ್ಪಲಿಲ್ಲ. ಮೂರನೆಯ ದಿನ ಚಹಾ ಕುಡಿಯಲು ಎದ್ದು ಹೋಗಿ ಬರುವುದರೊಳಗೆ ಹನ್ನೆರಡು ಮಾಯ, ಹದಿಮೂರು ಬಂದು ಕುಳಿತಿತ್ತು.

“ನೀವು ಮುಂದ ಕುಂತ್ರ ಶಾಣ್ಯಾ ಕೂಸಿನಂಗ ಇರ್ತೈತಿ. ಮಾಸ್ತರ್ ಎದ್ದು ಹ್ವಾದ್ರ ಉಡಾಳ” ಎಂದರು ಶಾಂತಾಬಾಯಿ.

ನಗಲು ನನಗೆ ಮನಸ್ಸಿರಲಿಲ್ಲ. ಇದು ಯಂತ್ರವೋ ಭೂತವೋ ಎಂದು ಅನ್ನಿಸಿದ್ದು ಖರೆ. ನನ್ನ ಹಿರಿಯರು ಬಾಳೆಹಣ್ಣು ಕಾಯಿ ಇಡದೆ ಹೊಸ ಸೀರೆ ಮಗ್ಗಕ್ಕೆ ಏರಿಸುತ್ತಿರಲಿಲ್ಲ. ನಾನು ಯಂತ್ರ ಕೂಡಿಸಿದ ದಿನ ಏನೂ ಮಾಡಿರಲಿಲ್ಲ. ಅದೂ ತಲೆಯಲ್ಲಿ ಬಂದು ಹೋಯಿತು.

ಆಗ ಶಾಂತಾಬಾಯಿ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ತಂದು ಮಗುಚಿ ಇಟ್ಟರು. ನಂಬರು ಜಿಗಿದ ದಿನ, ಹೊತ್ತು, ಆಗ ಬಾಗಲಕೋಟೆಯಲ್ಲಿ ಕುಳಿತವರ ಹೆಸರು, ಎಲ್ಲ ಬರೆದಿಟ್ಟಿದ್ದರು. ಹನ್ನೊಂದು ಸಲ ಜಿಗಿದಿತ್ತು. ಹನ್ನೊಂದೂ ಸಲ ಕಳಿಸುತ್ತಿದ್ದವನು ನಿಂಗಪ್ಪ.

“ಇದನ್ನ ಮೊದಲ ಯಾಕ ತೋರಸಲಿಲ್ರಿ?”

“ನೀವು ಕೇಳಿದ್ದು ‘ನೀವೆಲ್ಲಿದ್ರಿ’ ಅಂತ ಒಂದ. ಮತ್ತೇನೂ ಕೇಳಲಿಲ್ಲ.”

ಮರುದಿನ ಮೊದಲ ಬಸ್ಸಿಗೆ ಬಾಗಲಕೋಟೆಗೆ ಹೋದೆ. ನಿಂಗಪ್ಪ ನನಗಿಂತ ಹಿರಿಯ, ಕಡ್ಡಿ ಬಡಿಯುವ ಕಾಲದಿಂದಲೂ ಇದ್ದವನು. ಹೋದವನೇ, “ಏನೋ ನಿಂಗಪ್ಪಾ, ಕಳಸದ ಕಳಸೇನಂತ ಬರೀತಿಯಂತಲ್ಲ” ಎಂದುಬಿಟ್ಟೆ.

“ಲೇ ಈರ್ಯಾ,” ಎಂದ ಅವನು, ಕನ್ನಡಕ ತೆಗೆದು, “ನೀ ಅಂಬೆಗಾಲಿಡೂ ಮುಂದ ನಾ ಕಡ್ಡಿ ಬಡೀತಿದ್ದೆ. ಇಲ್ಲೇ ಕುಂಡ್ರು. ನನ್ನ ಕೈ ನೋಡು, ಬಾಯಿ ನೋಡಬ್ಯಾಡ.”

ಪಕ್ಕದಲ್ಲಿ ಕುಳಿತೆ. ಅವನು ಒಂದು ತಂತಿ ಕಳಿಸಿದ. ಸ್ವಚ್ಛ ಕೈ, ಒಂದು ತಪ್ಪಿಲ್ಲ. ಕಳಿಸಿ, ಚಂಚಿ ಬಿಚ್ಚಿ, ಅಂಗೈಗೆ ತಂಬಾಕು ಸುರಿದು, ಉಗುರಿನಲ್ಲಿ ಸುಣ್ಣ ತೆಗೆದು, ಹೆಬ್ಬೆರಳಿನಲ್ಲಿ ತಿಕ್ಕತೊಡಗಿದ. ಅವಸರವಿಲ್ಲ. ತಿಕ್ಕಿ, ಪಟಪಟ ತಟ್ಟಿ, ಧೂಳು ಊದಿ, ಎಲೆಯ ಕಡ್ಡಿ ಆರಿಸಿ ಎಸೆದು, ಕೆಳದುಟಿಯೊಳಗೆ ಇಟ್ಟುಕೊಂಡು, ಧೋತರದ ತುದಿಗೆ ಕೈ ಒರೆಸಿ, ಮುಂದಿನ ತಂತಿ ಒತ್ತಿದ. ಅದೂ ಸ್ವಚ್ಛ. ಅವನ ಯಂತ್ರದ ಕಾಗದದ ಮೇಲೆ ಅಕ್ಷರಗಳು ನನ್ನ ಕಣ್ಣೆದುರೇ ಮೂಡಿದವು. ಕೂಡಲೆ ಮೂರನೆಯದನ್ನೂ ಕಳಿಸಿದ.

ಫೋನು ಗಣಗಣಿಸಿತು. ಶಾಂತಾಬಾಯಿ.

“ನಿಂಗಪ್ಪಣ್ಣ, ಐದು ಬಂತು, ಏಳು ಬಂತು. ಆರು ಎಲ್ಲೈತ್ರಿ?”

ನಿಂಗಪ್ಪ ರಿಸೀವರನ್ನು ನನ್ನ ಕೈಗೆ ಕೊಟ್ಟ. “ಹೇಳಪಾ ಶಾಣ್ಯಾ. ನೀನ ನೋಡಿದೆಲ್ಲ, ನೀನ ಹೇಳು.”

ಏನು ಹೇಳಲಿ? ಆರನ್ನು ಮತ್ತೆ ಕಳಿಸುತ್ತಾನೆ ಎಂದು ಹೇಳಿ ಫೋನು ಇಟ್ಟೆ. ಅವನು ಕಳಿಸಿದ್ದು ಖರೆ. ಆಕೆಗೆ ಬಾರದ್ದೂ ಖರೆ. ಮೂವರಲ್ಲಿ ಇಬ್ಬರು ಸುಳ್ಳಲ್ಲ ಎಂದ ಮೇಲೆ ಉಳಿದವನು ನಾನು, ನನ್ನ ಯಂತ್ರ, ನನ್ನ ಸಹಿ. ತಿರುಗಿ ಬರುವ ಬಸ್ಸಿನಲ್ಲಿ ಹುನಗುಂದ ಬಂದದ್ದೂ ತಿಳಿಯಲಿಲ್ಲ. ಬೇರೆಯವರು ಕಳಿಸಿದರೆ ಬರುವುದು, ನಿಂಗಪ್ಪ ಕಳಿಸಿದರೆ ಬಾರದು. ಅವನ ಐದು ಬರುವುದು, ಏಳು ಬರುವುದು, ಆರು ಬಾರದು. ನಾನು ಮುಂದೆ ಕುಳಿತರೆ ಎಲ್ಲವೂ ಬರುವುದು. ಐದಕ್ಕೂ ಆರಕ್ಕೂ ನಡುವೆ ಏನಾಯಿತು? ತಂಬಾಕು ತಿಕ್ಕಿದ. ತಂಬಾಕಿಗೂ ಇಳಕಲ್ಲಿನ ಯಂತ್ರಕ್ಕೂ ಏನು ಸಂಬಂಧ? ಆ ಪ್ರಶ್ನೆಯ ಮುಂದೆ ನನ್ನ ತಲೆ ಓಡಲಿಲ್ಲ.

ತಲೆ ಓಡದಿದ್ದಾಗ ಕಂಡದ್ದನ್ನೇ ಮತ್ತೊಮ್ಮೆ ಮಾಡಿಸುವುದು ಒಂದೇ ದಾರಿ. ಮರುದಿನ ಇಳಕಲ್ಲಿನಿಂದ ನಿಂಗಪ್ಪನಿಗೆ ಫೋನು ಮಾಡಿ, “ನಿನ್ನೆ ಹೆಂಗ ಮಾಡಿದೆಲ್ಲ, ಹಂಗ ಮಾಡು. ತಂಬಾಕು ಸೈತ” ಎಂದೆ. ಅವನು ನಕ್ಕ. ಯಂತ್ರದ ಮುಚ್ಚಳ ತೆಗೆದು ಮುಂದೆ ಕುಳಿತೆ. ಐದು ತಂತಿ ಬರುವ ಹೊತ್ತಿಗೆ ನನ್ನ ಕೈ ತಾನಾಗಿ ಆರ್‌ವೈ ಒತ್ತಲು ಮೂರು ಸಲ ಮುಂದೆ ಹೋಯಿತು.

“ಕೈ ಕಟಕೊಂಡು ಕುಂಡ್ರಿ. ಎರಡು ದಿನ ಅದನ್ನ ಮಲಗಾಕ ಬಿಟ್ಟಿಲ್ಲ ನೀವು,” ಎಂದು ಶಾಂತಾಬಾಯಿ ಗದರಿದರು.

ಮಲಗಲು ಬಿಟ್ಟಿರಲಿಲ್ಲ, ಖರೆ. ನಾನು ಪರೀಕ್ಷೆ ಮಾಡುತ್ತಿದ್ದಷ್ಟು ಹೊತ್ತೂ ಮೋಟಾರು ತಿರುಗುತ್ತಲೇ ಇರುತ್ತಿತ್ತು. ಕೈ ಎರಡನ್ನೂ ತೊಡೆಯ ಕೆಳಗೆ ಹಾಕಿಕೊಂಡು ಸನ್ನೆಕೋಲಿನ ಮೇಲೆ ಕಣ್ಣಿಟ್ಟೆ. ಅಲ್ಲಿ ನಿಂಗಪ್ಪ ತಿಕ್ಕುತ್ತಿರಬೇಕು. ಒಂದೂವರೆ ನಿಮಿಷವಾಯಿತು. ಮೋಟಾರು ನಿಂತಿತು. ಸನ್ನೆಕೋಲು ಕೆಳಗೆ ಬೀಳಬೇಕು, ಬಿದ್ದು ಕೊಂಡಿಗೆ ಸಿಕ್ಕಿಕೊಳ್ಳಬೇಕು. ಆಗಲೇ ಮುಂದಿನ ತಟ್ಟಿಗೆ ಅದು ಚಿಮ್ಮಿ ಏಳುವುದು. ಅದು ಅರ್ಧಕ್ಕೆ ನಿಂತಿತು. ಹೊಸ್ತಿಲ ಒಳಗೊಂದು ಕಾಲು, ಹೊರಗೊಂದು ಕಾಲು. ಅಂಟಿಕೊಂಡು, ಕಂಡೂ ಕಾಣದ ಹಾಗೆ ಮೆಲ್ಲಗೆ ಜಾರುತ್ತಿತ್ತು. ಅಷ್ಟರಲ್ಲಿ ತಂತಿ ಬಂತು. ಅಯಸ್ಕಾಂತ ಟಿಕ್ ಟಿಕ್ ಎಂದು ಬಡಿದುಕೊಂಡಿತು, ಬಾಗಿಲು ಬಡಿದಂತೆ. ಎಬ್ಬಿಸಲು ಕೊಂಡಿಯೇ ಸಿದ್ಧವಿಲ್ಲ, ಮೋಟಾರು ತಿರುಗಲಿಲ್ಲ, ಒಂದು ಅಕ್ಷರವೂ ಮೂಡಲಿಲ್ಲ. ಬಡಿತ ನಿಂತಿತು. ಆಮೇಲೆ ಎಲ್ಲ ಮುಗಿದ ಮೇಲೆ ಸನ್ನೆಕೋಲು ತನ್ನ ಜಾಗಕ್ಕೆ ಬಿತ್ತು. ಓಣಿಯ ತುಂಬ ಮಗ್ಗದ ಸದ್ದು. ಕಿಟಕಿಯಲ್ಲಿ ಕುಳಿತವರಿಗೆ ಆ ಟಿಕ್ ಟಿಕ್ ಎಲ್ಲಿ ಕೇಳಬೇಕು?

ಬೇರೆಯವರು ಒಂದರ ಹಿಂದೊಂದು ಬಿಡದೆ ಕಳಿಸುತ್ತಿದ್ದರು, ಇಲ್ಲವೆ ಬಹಳ ಹೊತ್ತು ಬಿಟ್ಟು ಕಳಿಸುತ್ತಿದ್ದರು. ಯಂತ್ರ ಮಲಗುವ ಆ ಅರ್ಧ ನಿಮಿಷಕ್ಕೆ ಸರಿಯಾಗಿ ಬಂದು ಬಾಗಿಲು ತಟ್ಟುತ್ತಿದ್ದುದು ನಿಂಗಪ್ಪನ ತಂಬಾಕು ಒಂದೇ.

ಸನ್ನೆಕೋಲಿನ ಬುಡಕ್ಕೆ ಬೆರಳು ಹಚ್ಚಿದೆ. ಕಪ್ಪು ಅಂಟು, ಬೆಲ್ಲದ ಪಾಕದ ಹಾಗೆ ಎಳೆ ಬಂತು. ಎಣ್ಣೆ, ಎಣ್ಣೆಯಲ್ಲಿ ಓಣಿಯ ಹತ್ತಿಯ ನೂಲಿನ ಧೂಳು. ತಿಂಗಳಿಗೊಮ್ಮೆ ಎಣ್ಣೆ ಹಾಕುತ್ತಿದ್ದವನು ನಾನೇ. ಮಗ್ಗದ ಮನೆಯವನಿಗೆ ಒಣಗಿದ ಕಬ್ಬಿಣ ಕಂಡರೆ ತಡೆಯುವುದಿಲ್ಲ. ಎಣ್ಣೆ ಹೆಚ್ಚು ಹಾಕಿದವನೇ ಒಳ್ಳೆಯ ನೇಕಾರ ಎಂದು ನಮ್ಮಪ್ಪ ಕಲಿಸಿದ್ದ. ಯಂತ್ರದ ಪುಸ್ತಕದ ಚಿತ್ರದಲ್ಲಿ ಆ ಸನ್ನೆಕೋಲಿಗೆ ಬಾಣ ಹಾಕಿ ಹನಿ ಬರೆದದ್ದನ್ನೂ ನೋಡಿದ್ದೆ. ಶಾಂತಾಬಾಯಿಗೆ ಪುಸ್ತಕ ಕೊಟ್ಟು, “ಹನಿ ಕೆಳಗ ಏನ್ ಬರದೈತಿ ನೋಡ್ರಿ” ಎಂದೆ. ಯಂತ್ರ ಬಂದ ದಿನದಿಂದ ಅಂದಿನವರೆಗೆ ಯಾರನ್ನೂ ಅದನ್ನು ಕೇಳಿರಲಿಲ್ಲ.

ಅವರು ಓದಿ ಹೇಳಿದರು. “ಇಲ್ಲಿ ಎಣ್ಣಿ ಹಾಕಲೇಬಾರದು ಅಂತ ಐತ್ರಿ.”

ನನ್ನ ಹೆಗಲ ಮೇಲೆ ಅರಿವೆ ಇತ್ತು. ಒಂದು ಸಲ ಒರೆಸಿದರೆ ಯಂತ್ರ ಸರಿ, ನನ್ನ ಮೂರು ಸಹಿಯೂ ಖರೆ. ಆಮೇಲೆ ಸಾಹೇಬರು ಬಂದು ನೋಡಿದರೆ ದೋಷವೇ ಇರುವುದಿಲ್ಲ, ಶಾಂತಾಬಾಯಿ ಮನೆಗೆ. ಇದನ್ನು ಅವರೂ ತಿಳಿದಿದ್ದರು. ಪುಸ್ತಕ ಎದೆಗೆ ಹಿಡಿದು ನಿಂತಿದ್ದರು. ಒರೆಸಲು ಕೈ ಹೋಗಿದ್ದು ನಿಜ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

“ಸಾಹೇಬ್ರು ಬರೂತನಕ ಹಿಂಗ ಇರ್ಲಿ,” ಎಂದೆ ಕೊನೆಗೆ. “ಅಲ್ಲಿತನ ಒಂದೊಂದು ತಂತಿಗೂ ಫೋನ್ ಮಾಡಿ ಕೇಳಿಕೋರಿ.”

ನಾಲ್ಕು ದಿನದ ಮೇಲೆ ಸಾಹೇಬರು ಬಂದರು. ನನ್ನ ಮಾತು ಪೂರಾ ಕೇಳಿ, “ಏನ್ರೀ ಈರಣ್ಣ, ಬಾಗಲಕೋಟೆಯಲ್ಲಿ ಒಬ್ಬರು ತಂಬಾಕು ತಿಕ್ಕಿದರೆ ಇಳಕಲ್ಲಿನಲ್ಲಿ ತಂತಿ ಮಾಯವಾಗುತ್ತದೆ ಎಂದು ನಾನು ಮೇಲಕ್ಕೆ ಬರೆಯಬೇಕೇ?” ಎಂದರು.

“ಬರಿಯೂ ಮದಲ ನೋಡ್ರಿ ಸರ.”

ಗಡಿಯಾರ ಕೈಯಲ್ಲಿ ಹಿಡಿದು ಕುಳಿತರು. ನಿಂಗಪ್ಪನಿಗೆ ಫೋನಿನಲ್ಲಿ ಹೇಳಿದೆವು. ಒಂದು ತಂತಿ ಬಂತು. ಕಾದೆವು. ಮುಂದಿನದೂ ಬಂತು, ಒಂದಕ್ಷರ ತಪ್ಪಿಲ್ಲದೆ. ಮತ್ತೊಮ್ಮೆ ಮಾಡಿಸಿದೆವು. ಮತ್ತೂ ಬಂತು. ಸಾಹೇಬರು ಫೈಲಿನ ದಾರ ಕಟ್ಟತೊಡಗಿದರು. ನಾನು ಕಂಡದ್ದು ಏನು ಹಾಗಾದರೆ? ಅಂಟು ಅಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ.

ಶಾಂತಾಬಾಯಿ ಫೋನು ಕಸಿದುಕೊಂಡರು. “ನಿಂಗಪ್ಪಣ್ಣ, ಖರೆ ಹೇಳ್ರಿ, ಹೆಂಗ ತಿಕ್ಕಿದ್ರಿ?”

ಅವನ ದನಿ ಕೋಣೆಗೆಲ್ಲ ಕೇಳುವಷ್ಟು ದೊಡ್ಡದು. “ಸಾಹೇಬ್ರು ಕುಂತಾರಂದ್ರ ಕೈ ನಿಂದರವಲ್ದು ತಂಗಿ! ಎರಡು ಸಲ ತಿಕ್ಕಿ ಹಂಗ ಬಾಯಾಗ ಹಾಕ್ಕೊಂಡೆ.”

“ಉಗುಳ್ರಿ ಅದನ್ನ. ಸಾಹೇಬ್ರು ಇಲ್ಲಂತ ತಿಳಕೋರಿ. ದಿನಾ ತಿಕ್ಕಿದಂಗ ತಿಕ್ಕ್ರಿ, ಕಡ್ಡಿ ಆರಸ್ರಿ, ಕೈ ಒರಸ್ರಿ, ಆಮ್ಯಾಲ ಕಳಸ್ರಿ. ನನ್ನ ಅನ್ನದ ಮಾತು ಐತಣ್ಣ.”

ತಂತಿ ಬಂತು. ನಿಂತಿತು. ಸಾಹೇಬರ ಕಣ್ಣು ಗಡಿಯಾರದ ಮೇಲೆ. ಮೋಟಾರು ನಿಂತಿತು. ಸನ್ನೆಕೋಲು ಇಳಿಯಿತು, ಅರ್ಧಕ್ಕೆ ನಿಂತು ಜಾರತೊಡಗಿತು. ಅಯಸ್ಕಾಂತ ಟಿಕ್ ಟಿಕ್ ಎಂದು ಬಡಿದುಕೊಂಡು, ಬಡಿದುಕೊಂಡು ಸುಮ್ಮನಾಯಿತು. ಕಾಗದ ಬೆಳ್ಳಗೆ ಹಾಗೆಯೇ ಇತ್ತು. ಯಂತ್ರ ಕೆಟ್ಟಿದೆ ಎಂದು ನನ್ನಷ್ಟು ಸಂತೋಷಪಟ್ಟ ಮೆಕ್ಯಾನಿಕ್ ಮತ್ತೊಬ್ಬನಿರಲಿಕ್ಕಿಲ್ಲ. ಆ ಸಂತೋಷ ಚಿಟಿಕೆ ಹೊಡೆಯುವಷ್ಟು ಹೊತ್ತು.

ಸಾಹೇಬರು ಬಗ್ಗಿ ಬೆರಳು ಹಚ್ಚಿ ನೋಡಿದರು. “ಇಲ್ಲಿ ಎಣ್ಣೆ ಹಾಕಿದವರು ಯಾರು?”

“ನಾನ್ರಿ.”

“ಒರೆಸಿಬಿಟ್ಟಿದ್ದರೆ ನನಗೆ ತಿಳಿಯುತ್ತಿರಲಿಲ್ಲ.”

“ಹೌದ್ರಿ.”

“ಬರೆದುಕೊಡುತ್ತೀರಾ?”

ದೋಷದ ಪುಸ್ತಕ ತೆರೆದು, ನನ್ನ ಮೂರು ಸಹಿಗಳ ಕೆಳಗೆ ಬರೆದೆ. ಆರನೇ ಇಯತ್ತೆಯ ಕೈಬರಹ. ಅರ್ಧ ಪುಟಕ್ಕೆ ಬೆವರು ಬಂತು. ಹಿಂದಿನ ಮೂರೂ ಬರಹ ತಪ್ಪು, ದೋಷ ಯಂತ್ರದಲ್ಲಿತ್ತು, ಅದನ್ನು ಮಾಡಿದವನು ನಾನು, ತಂತಿ ಬಂದಾಗ ಶಾಂತಾಬಾಯಿ ಎಲ್ಲಿದ್ದರೂ ಅದು ಅವರಿಗೆ ಸಿಗುತ್ತಿರಲಿಲ್ಲ. ಇದಕ್ಕೆ ಎರಡು ವರ್ಷ ಮತ್ತೆ ಕಂಬದ ಕೆಲಸಕ್ಕೆ, ರಾಮಥಾಳದ ಕಡೆ, ನನ್ನನ್ನು ಕಳಿಸಿದರು. ಸರಿಯಾಗಿಯೇ ಮಾಡಿದರು. ಆದರೆ ಆ ಅಂಟು ಒಂದು ದಿನ ಹಿಡಿದು ಒಂದು ದಿನ ಬಿಡುತ್ತಿದ್ದುದೇಕೆ, ಬಿಸಿಲಿಗೋ ಧೂಳಿಗೋ, ಅದು ಇವತ್ತಿಗೂ ನನಗೆ ತಿಳಿದಿಲ್ಲ. ತಿಳಿದಿದೆ ಎಂದು ನಿಮ್ಮ ಮುಂದೆ ನಟಿಸಲಾರೆ.

ಶಾಂತಾಬಾಯಿ ನಾನು ಬರೆದದ್ದನ್ನು ತುಟಿ ಅಲುಗಾಡಿಸುತ್ತಾ ಮೊದಲಿನಿಂದ ಕೊನೆಯವರೆಗೆ ಓದಿದರು. ಓದಿ ಪುಸ್ತಕವನ್ನು ಸಾಹೇಬರ ಮುಂದೆ ಸರಿಸಿದರು. ಸಾಹೇಬರು ತಮ್ಮ ನೋಟೀಸನ್ನು ತಿರುಗಿ ಕೇಳಿ ತೆಗೆದುಕೊಂಡು ಫೈಲಿನಲ್ಲಿ ಹಾಕಿಕೊಂಡರು. ನಾನು ಆಗ ಅರಿವೆ ತೆಗೆದು ಸನ್ನೆಕೋಲನ್ನು ಒರೆಸಿದೆ, ಸೀಮೆಎಣ್ಣೆಯಲ್ಲಿ ತೊಳೆದೆ, ಮತ್ತೆ ಒರೆಸಿದೆ. ಶಾಂತಾಬಾಯಿ ಪಕ್ಕದಲ್ಲೇ ನಿಂತು ನೋಡಿದರು. ಥ್ಯಾಂಕ್ಸ್ ಅನ್ನಲಿಲ್ಲ, ಯಾಕೆ ಅನ್ನಬೇಕು? ಕಿಟಕಿಯಲ್ಲಿ ಆಗಲೇ ನಾಲ್ಕು ಮಂದಿ ಕಾಯುತ್ತಿದ್ದರು. ಶಾಂತಾಬಾಯಿ ಕುರ್ಚಿ ಎಳೆದುಕೊಂಡು ಯಂತ್ರದ ಮುಂದೆ ಕುಳಿತು ಫೋನು ಎತ್ತಿದರು.

“ನಿಂಗಪ್ಪಣ್ಣ, ಎಷ್ಟು ಉಳದಾವ?”

“ಹದಿನಾಲ್ಕು ತಂಗಿ.”

“ಹೂಂ, ಕಳಸ್ರಿ. ನಾ ಕುಂತೇನಿ.”